ತೆಳ್ಳಗಿನ ವಸ್ತುಗಳ ಹಬ್ಬ

ಡಿಸೆಂಬರ್ ಬಂತೆಂದರೆ ಪುಣೆಯ ಪತ್ರಿಕೆಗಳಲ್ಲಿ ಒಂದು ಹೆಸರು ದಿನವೂ ಕಾಣಿಸುತ್ತದೆ: ಶಿವಾಜಿನಗರ. ಕನಿಷ್ಠ ತಾಪಮಾನ ಶಿವಾಜಿನಗರದಲ್ಲಿ ಇಷ್ಟು, ಪಾಷಾಣ್‌ನಲ್ಲಿ ಇಷ್ಟು, ಲೋಹಗಾಂವ್‌ನಲ್ಲಿ ಇಷ್ಟು. ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಅದೇ ದೊಡ್ಡ ಸುದ್ದಿ. ಈ ಬಡಾವಣೆಗೆ ಆ ಮರ್ಯಾದೆ ಸಿಕ್ಕಿದ್ದು ಅಲ್ಲಿರುವ ಹವಾಮಾನ ಕಚೇರಿಯಿಂದ. 1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ 1928ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಸಿಮ್ಲಾದಿಂದ ಇಲ್ಲಿಗೆ ತಂದಿತು. ಮುಖ್ಯ ಕಚೇರಿ ಆಮೇಲೆ ದಿಲ್ಲಿಗೆ ಹೋಯಿತು. ಆದರೂ ಅಲ್ಲಿನ ವೃತ್ತಕ್ಕೆ ಜನ ಇಂದಿಗೂ ಸಿಮ್ಲಾ ಆಫೀಸ್ ಚೌಕ ಎಂದೇ ಹೇಳುತ್ತಾರೆ.

ಎಲ್ಲರ ಕಣ್ಣೂ ಚಳಿಯ ಅಂಕಿಯ ಮೇಲೆ. ಕ್ರಿಸ್‌ಮಸ್ ಹಬ್ಬಕ್ಕೆ ಮನೆ ಸಿಂಗರಿಸಹೊರಟವರು ನೋಡಬೇಕಾದದ್ದು ಅದರ ಪಕ್ಕದ ಅಂಕಿಯನ್ನು, ಅಂದರೆ ಆರ್ದ್ರತೆಯನ್ನು. ಮಳೆಗಾಲದಲ್ಲಿ ಶೇ 80 ದಾಟುವ ಆರ್ದ್ರತೆ ಡಿಸೆಂಬರ್ ಮಧ್ಯಾಹ್ನಗಳಲ್ಲಿ ಶೇ 40ಕ್ಕಿಂತ ಕೆಳಗೆ ಬೀಳುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಆಗಸ್ಟಿನಲ್ಲಿ ಉಬ್ಬಿಕೊಂಡು ಚೌಕಟ್ಟಿಗೆ ಕಚ್ಚುತ್ತಿದ್ದ ಮರದ ಬಾಗಿಲು ಈಗ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಮರ, ಹುಲ್ಲು, ಕಾಗದ, ಹತ್ತಿ ಎಲ್ಲವೂ ಸೆಲ್ಯುಲೋಸಿನ ಸರಕು. ಸುತ್ತಲಿನ ಗಾಳಿಯಲ್ಲಿ ತೇವ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಇವು ತೇವ ಹೀರುತ್ತವೆ, ಬಿಡುತ್ತವೆ. ಆರ್ದ್ರತೆ ಶೇ 80 ಇದ್ದಾಗ ಮರದಲ್ಲಿ ಅದರ ಒಣತೂಕದ ಸುಮಾರು ಶೇ 16ರಷ್ಟು ನೀರಿರುತ್ತದೆ. ಆರ್ದ್ರತೆ ಶೇ 30ಕ್ಕೆ ಇಳಿದರೆ ಉಳಿಯುವುದು ಶೇ 6ರ ಆಸುಪಾಸು. ಬಾಗಿಲಿಗೆ ಇದರಿಂದ ನಷ್ಟವೇನಿಲ್ಲ. ಗೋಡೆಗೆ ಅಂಟಿಸಿದ ಬಣ್ಣದ ಕಾಗದಕ್ಕೆ, ಗೋದಲಿಗೆ ಹಾಸಿದ ಹುಲ್ಲಿಗೆ ಅದು ಬಹಳ ದೊಡ್ಡ ವ್ಯತ್ಯಾಸ.

ಮಂಗಳೂರು, ಉಡುಪಿ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕುಟುಂಬಗಳು ಬಹಳ. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ, ರೂಪಾಲಿ ಹೋಟೆಲುಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರಂಥವರ ಕಾಲದಿಂದಲೂ ಕರಾವಳಿಯ ಮಾತು ಇಲ್ಲಿ ಕಿವಿಗೆ ಬೀಳುತ್ತಲೇ ಇದೆ. ಈ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ ಬಾಲ್ಕನಿಯಲ್ಲಿ ನಕ್ಷತ್ರ, ಮೂಲೆಯಲ್ಲಿ ಗೋದಲಿ, ಅಡುಗೆಮನೆಯಲ್ಲಿ ಕುಸ್ವಾರ್ ತಿಂಡಿಗಳು. ಊರಲ್ಲಿ ಕಲಿತ ಪದ್ಧತಿಯೇ ಇಲ್ಲೂ ನಡೆಯುತ್ತದೆ. ಆದರೆ ಸಮುದ್ರದ ತೇವ ಸದಾ ತುಂಬಿರುವ ಮಂಗಳೂರಿನ ಗಾಳಿ ಬೇರೆ, ಘಟ್ಟದ ಮೇಲಿನ ಪುಣೆಯ ಡಿಸೆಂಬರ್ ಗಾಳಿ ಬೇರೆ. ಅದೇ ಹುಲ್ಲು ಅಲ್ಲಿ ಹೊಗೆಯಾಡಿ ಸುಮ್ಮನಾದರೆ ಇಲ್ಲಿ ಹೊತ್ತಿಕೊಳ್ಳಬಹುದು.

ಹಬ್ಬದ ಮನೆಯಲ್ಲಿ ನಾವು ಹೆದರುವುದು ದೊಡ್ಡ ವಸ್ತುಗಳಿಗೆ: ಗ್ಯಾಸ್ ಸಿಲಿಂಡರು, ಓವನ್ನು, ಗೀಸರು. ಅವಕ್ಕೆ ಹೆದರುವುದರಿಂದಲೇ ಅವುಗಳ ಜೊತೆ ಹುಷಾರಾಗಿರುತ್ತೇವೆ. ತೊಂದರೆ ಶುರುವಾಗುವುದು ಯಾರೂ ಲೆಕ್ಕಕ್ಕಿಡದ ತೆಳ್ಳಗಿನ ವಸ್ತುಗಳಿಂದ. ತೆಳ್ಳಗಿನ ಕಾಗದ, ತೆಳ್ಳಗಿನ ನಾರು, ತೆಳ್ಳಗಿನ ತಂತಿ, ತೆಳ್ಳಗಿನ ಬ್ಯಾಟರಿ. ಈ ಅಧ್ಯಾಯ ಅವುಗಳ ಕಥೆ.

ಮೊದಲು ಬೆಂಕಿಯ ಲೆಕ್ಕ. ಉರಿಯುವ ಬೆಂಕಿಕಡ್ಡಿಯನ್ನು ತೇಗದ ಬಾಗಿಲಿಗೆ ಹಿಡಿಯಿರಿ. ಒಂದು ಕಪ್ಪು ಕಲೆ ಬಿದ್ದೀತು, ಅಷ್ಟೆ. ಅದೇ ಕಡ್ಡಿಯನ್ನು ಬೇಗಡೆ ಕಾಗದಕ್ಕೆ ಹಿಡಿದರೆ ಎರಡು ಕ್ಷಣವೂ ಬೇಡ. ಬಾಗಿಲಿನ ಮೈಗೆ ತಾಗಿದ ಶಾಖವನ್ನು ಒಳಗಿನ ಮರ ಎಳೆದುಕೊಂಡು ಹಂಚಿಕೊಳ್ಳುತ್ತದೆ; ಹಾಗಾಗಿ ಮೇಲ್ಮೈ ಉರಿಯುವ ಮಟ್ಟಕ್ಕೆ ಏರಲು ಬಹಳ ಹೊತ್ತು ಬೇಕು. ಕಾಗದಕ್ಕೆ ‘ಒಳಗೆ’ ಎಂಬುದೇ ಇಲ್ಲ. ಬಂದ ಶಾಖವೆಲ್ಲ ಅಲ್ಲೇ ನಿಂತು, ಸುಮಾರು 230 ಡಿಗ್ರಿ ದಾಟಿದೊಡನೆ ಹೊತ್ತಿಕೊಳ್ಳುತ್ತದೆ. ತೆಳ್ಳಗಿನ ವಸ್ತು ಎಷ್ಟು ದಪ್ಪವಿದೆಯೋ ಅದಕ್ಕೆ ಸರಿಯಾಗಿ ಹೊತ್ತಿಕೊಳ್ಳುವ ಸಮಯ. ದಪ್ಪ ಅರ್ಧವಾದರೆ ಸಮಯವೂ ಅರ್ಧ.

ಹತ್ತಿಯ ನಾರಿನ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ ತಲೆಗೂದಲಿನ ಕಾಲುಭಾಗ ಎನ್ನಿ. ಹಿಂಜಿದ ಹತ್ತಿಯಲ್ಲಿ ಇಂಥ ಲಕ್ಷಾಂತರ ನಾರುಗಳು, ಪ್ರತಿ ನಾರಿನ ಸುತ್ತಲೂ ಗಾಳಿ. ಬೆಂಕಿಗೆ ಬೇಕಾದ ಉರುವಲು, ಆಮ್ಲಜನಕ ಎರಡನ್ನೂ ಅಳತೆಮಾಡಿ ಬೆರೆಸಿಟ್ಟಂತಾಯಿತು. ಪುಣೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಎಂದೂ ಬೀಳದ ಹಿಮವನ್ನು ತೋರಿಸಲು ಗೋದಲಿಯ ಮೇಲೆ ಇದೇ ಹತ್ತಿಯನ್ನು ಹರಡುತ್ತೇವೆ, ಕೆಳಗೆ ಒಣಹುಲ್ಲು ಹಾಸುತ್ತೇವೆ, ನಡುವೆ ಒಂದು ಬಲ್ಬು ಇಳಿಬಿಡುತ್ತೇವೆ, ಎದುರಿಗೆ ಮೇಣದಬತ್ತಿ ಹಚ್ಚುತ್ತೇವೆ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗೋದಲಿಯ ದೃಶ್ಯ ಏರ್ಪಡಿಸಿದಾಗ ಹುಲ್ಲೂ ಇತ್ತು, ಎತ್ತು ಕತ್ತೆಗಳೂ ಇದ್ದವು. ಹತ್ತಿಯ ಹಿಮ ಆಮೇಲೆ ಸೇರಿಕೊಂಡದ್ದು. ಅದನ್ನು ಬಿಟ್ಟರೆ ಸಂಪ್ರದಾಯಕ್ಕೆ ಯಾವ ಭಂಗವೂ ಇಲ್ಲ.

ಕರಾವಳಿಯ, ಗೋವೆಯ ಮನೆಗಳಲ್ಲಿ ಇದಕ್ಕಿಂತ ಚೆಂದದ ಒಂದು ಪದ್ಧತಿಯಿದೆ. ಹಬ್ಬಕ್ಕೆ ಹತ್ತು–ಹನ್ನೆರಡು ದಿನ ಮೊದಲೇ ತಟ್ಟೆಗಳಲ್ಲಿ ಮಣ್ಣು ಹರವಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಬೆರಳುದ್ದದ ಹಸಿರು ಗದ್ದೆ ಸಿದ್ಧ. ಈ ಮೊಳಕೆಯ ತೂಕದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ನೀರು. ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 2,260 ಜೂಲ್ ಶಕ್ತಿ ಬೇಕು. ಅಷ್ಟನ್ನು ಕೊಟ್ಟು ಮುಗಿಸುವವರೆಗೆ ಎಲೆಯ ಬಿಸಿ ನೂರು ಡಿಗ್ರಿಯ ಮೇಲೆ ಏರುವುದೇ ಇಲ್ಲ. ಅಂದರೆ ಪಕ್ಕದಲ್ಲಿ ಬತ್ತಿ ಉರುಳಿಬಿದ್ದರೂ ಹಸಿರು ಗದ್ದೆ ಬಾಡುತ್ತದೆಯೇ ಹೊರತು ಉರಿಯುವುದಿಲ್ಲ. ಶಿವಾಜಿನಗರದ ಕಿರಾಣಿ ಅಂಗಡಿಯಲ್ಲಿ ನಾಚಣಿ ಎಂದು ಕೇಳಿ ತಂದರಾಯಿತು. ಇಲ್ಲಿನ ಚಳಿಗೆ ಮೊಳಕೆ ನಿಧಾನ, ಆದ್ದರಿಂದ ಊರಿಗಿಂತ ಎರಡು ದಿನ ಮುಂಚೆ ಬಿತ್ತುವುದು ಒಳ್ಳೆಯದು.

ಥರ್ಮೊಕೋಲಿನ ಗುಡ್ಡಬೆಟ್ಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲಂಕಾರದ ಥರ್ಮೊಕೋಲನ್ನು ಮಹಾರಾಷ್ಟ್ರ ಸರ್ಕಾರ 2018ರಲ್ಲೇ ನಿಷೇಧಿಸಿದೆ. ಪರಿಸರಕ್ಕಾಗಿ ಬಂದ ನಿಷೇಧ ಬೆಂಕಿಯ ವಿಷಯದಲ್ಲೂ ಉಪಕಾರವನ್ನೇ ಮಾಡಿತು: ಅದರ ಗಾತ್ರದ ಬಹುಪಾಲು ಬರೀ ಗಾಳಿ, ನೂರು ಡಿಗ್ರಿಯ ಹತ್ತಿರ ಮೆತ್ತಗಾಗಿ ಕುಸಿಯುತ್ತದೆ, ಹೊತ್ತಿಕೊಂಡರೆ ಉರಿಯುವ ಹನಿಗಳಾಗಿ ತೊಟ್ಟಿಕ್ಕುತ್ತದೆ. ಡಬ್ಬಿಯಿಂದ ಬುಸ್ಸೆಂದು ಹಾರಿಸುವ ‘ಸ್ನೋ ಸ್ಪ್ರೇ’ಯದು ಇನ್ನೊಂದು ಕಥೆ. ನೊರೆಯನ್ನು ಹೊರಗೆ ತಳ್ಳಲು ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ತುಂಬುವುದು ಬ್ಯೂಟೇನ್, ಪ್ರೊಪೇನ್. ಅಡುಗೆ ಸಿಲಿಂಡರಿನಲ್ಲಿರುವ ಅದೇ ಅನಿಲಗಳು. ಮೇಣದಬತ್ತಿ ಉರಿಯುತ್ತಿರುವ ಕೇಕಿನ ಮುಂದೆ ಅದನ್ನು ಮುಖಕ್ಕೆ ಹಾರಿಸುವುದು ಎಂಥ ಆಟವೋ ದೇವರೇ ಬಲ್ಲ.

ಮೇಣದಬತ್ತಿಗೂ ಕ್ರಿಸ್‌ಮಸ್ಸಿಗೂ ಇರುವ ನಂಟಿನಲ್ಲಿ ವಿಜ್ಞಾನದ ಪಾಲೂ ಇದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದದ್ದು 1825ರಲ್ಲಿ. ಮೈಕೆಲ್ ಫ್ಯಾರಡೆ 1860ರ ಕೊನೆಯಲ್ಲಿ ಅಲ್ಲಿ ಆರು ಉಪನ್ಯಾಸಗಳನ್ನು ಕೊಟ್ಟ. ವಿಷಯ, ಒಂದು ಮೇಣದಬತ್ತಿಯ ರಸಾಯನಶಾಸ್ತ್ರ. ಅವನು ಮಾಡಿ ತೋರಿಸಿದ ಒಂದು ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಉರಿಯುವ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಬತ್ತಿಗೆ ಮುಟ್ಟಿಸದೆ ಆ ಹೊಗೆಗೆ ಕಡ್ಡಿ ಹಿಡಿದರೆ ಜ್ವಾಲೆ ಹೊಗೆಯ ಉದ್ದಕ್ಕೂ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ.

ಸಾಮಾನ್ಯ ಮೇಣದಬತ್ತಿ ಗಂಟೆಗೆ ಐದಾರು ಗ್ರಾಂ ಮೇಣವನ್ನು ಉರಿಸುತ್ತದೆ. ಲೆಕ್ಕ ಹಾಕಿದರೆ ಸುಮಾರು 70 ವಾಟ್ ಶಾಖ. ಹಳೆಯ ಕಾಲದ ಬಲ್ಬಿನಷ್ಟೇ. ಆದರೆ ಜ್ವಾಲೆಯ ಬಿಸಿ ಸಾವಿರ ಡಿಗ್ರಿ ದಾಟುತ್ತದೆ, ಮತ್ತು ಆ ಶಾಖದ ಬಹುಪಾಲು ಬಿಸಿಗಾಳಿಯಾಗಿ ನೇರ ಮೇಲಕ್ಕೆ ಹೋಗುತ್ತದೆ. ಅಂಗೈಯನ್ನು ಜ್ವಾಲೆಯ ಪಕ್ಕದಲ್ಲಿ ನಾಲ್ಕು ಬೆರಳಿನ ದೂರಕ್ಕೆ ಹಿಡಿದರೂ ಸಹಿಸಬಹುದು. ಅಷ್ಟೇ ದೂರ ಮೇಲಕ್ಕೆ ಹಿಡಿದರೆ ಚುರುಗುಟ್ಟಿ ಕೈ ಎಳೆದುಕೊಳ್ಳುತ್ತೀರಿ. ಹೀಗಾಗಿ ಬತ್ತಿಯ ಅಕ್ಕಪಕ್ಕ ನೋಡಿ ತೃಪ್ತರಾದರೆ ಸಾಲದು, ತಲೆಯೆತ್ತಿ ನೋಡಬೇಕು. ಮೇಲೆ ತೋರಣವಿದೆಯೇ, ಕಪಾಟಿನ ಅಂಚಿದೆಯೇ, ಫ್ಯಾನು ಹಾಕಿದರೆ ಪರದೆ ಇತ್ತ ಹಾರುತ್ತದೆಯೇ? ಎಲ್ಲ ದಿಕ್ಕಿಗೂ ಒಂದಡಿ ಬಯಲು ಇರಬೇಕೆಂಬುದು ಅಗ್ನಿಶಾಮಕ ತಜ್ಞರು ಹೇಳುವ ಕನಿಷ್ಠ ಮಾತು. ಮೇಲ್ಗಡೆ ಅದನ್ನು ಎರಡು–ಮೂರು ಅಡಿ ಮಾಡಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ಗಿಡ. ಚಳಿ ದೇಶಗಳಲ್ಲಿ ಪೈನ್ ಅಥವಾ ಫರ್ ಮರವನ್ನು ಕಡಿದು ತಂದು ನಿಲ್ಲಿಸುತ್ತಾರೆ. ಒಣಗಿದ ಇಂಥ ಮರಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ಬೇಕೆಂದೇ ಸುಟ್ಟು ಅಳೆದಿದ್ದಾರೆ: ಒಂದು ನಿಮಿಷದೊಳಗೆ ಇಡೀ ಮರ ಜ್ವಾಲೆಯಾಗಿ, ಕೆಲವು ಮೆಗಾವಾಟ್ ಶಾಖ ಹೊರಬಿತ್ತು. ಒಂದು ಕೋಣೆಯಲ್ಲಿರುವುದೆಲ್ಲ ಏಕಕಾಲಕ್ಕೆ ಹೊತ್ತಿಕೊಳ್ಳಲು ಅಷ್ಟು ಸಾಕು. ದಿನವೂ ನೀರುಣಿಸಿದ ಮರಕ್ಕೆ ಬೆಂಕಿ ಹತ್ತಿಸುವುದೇ ಕಷ್ಟವಾಯಿತು. ಪುಣೆಯಲ್ಲಿ ಕಡಿದ ಪೈನ್ ಅಪರೂಪ. ನರ್ಸರಿಗಳಲ್ಲಿ ಸಿಗುವುದು ಕುಂಡದಲ್ಲಿ ಬೆಳೆದ ಅರೌಕೇರಿಯಾ. ಬೇರಿರುವ ಗಿಡ ತನ್ನ ನೀರನ್ನು ತಾನೇ ಕುಡಿಯುತ್ತದೆ, ಜನವರಿಯಲ್ಲಿ ಬಾಲ್ಕನಿಗೆ ಹೋಗುತ್ತದೆ, ಮುಂದಿನ ವರ್ಷ ಅರ್ಧ ಅಡಿ ಎತ್ತರವಾಗಿ ಒಳಗೆ ಬರುತ್ತದೆ. ನನ್ನ ಮತ ಇದಕ್ಕೇ.

ಬೇಡವೆಂದರೆ ಪ್ಲಾಸ್ಟಿಕ್ ಮರ ಇದ್ದೇ ಇದೆ. ಅದರ ಎಲೆ ಸಾಮಾನ್ಯವಾಗಿ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ 57, ಕ್ಲೋರಿನ್. ಹಾಗಾಗಿ ಅದು ಸುಲಭಕ್ಕೆ ಉರಿಯದು. ಉರಿದರೆ ಮಾತ್ರ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಕಣ್ಣು ಗಂಟಲಿನ ತೇವಕ್ಕೆ ತಾಗಿದೊಡನೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಮರದ ಪೆಟ್ಟಿಗೆಯ ಮೇಲೆ ‘ಬೆಂಕಿ ನಿರೋಧಕ’ ಎಂದು ಬರೆದಿದ್ದರೆ ಅದರರ್ಥ ತಡವಾಗಿ ಹೊತ್ತಿಕೊಳ್ಳುತ್ತದೆ ಎಂದಷ್ಟೇ.

ಗಿಡದ ಮಾತು ಬಂದಾಗ ಪಾಯಿನ್‌ಸೆಟಿಯಾವನ್ನು ಬಿಡಲಾಗದು. ಮೆಕ್ಸಿಕೊ ಮೂಲದ ಈ ಗಿಡದಲ್ಲಿ ಕೆಂಪಾಗುವುದು ಹೂವಲ್ಲ, ಹೂವಿನ ಕೆಳಗಿನ ಎಲೆಗಳು. ಅದು ಎಣಿಸುವುದು ಕತ್ತಲನ್ನು. ರಾತ್ರಿ ಹನ್ನೆರಡು ಗಂಟೆ ಮೀರತೊಡಗಿದಾಗ ಹೂಬಿಡಲು ಅಣಿಯಾಗುತ್ತದೆ. ಡಿಸೆಂಬರಿನಲ್ಲಿ ಪುಣೆಯ ರಾತ್ರಿ ಸುಮಾರು ಹದಿಮೂರು ಗಂಟೆ. ಬೀದಿದೀಪದ ಕೆಳಗಿಟ್ಟ ಕುಂಡ ಹಸಿರಾಗಿಯೇ ಉಳಿಯುವ ಗುಟ್ಟು ಇದೇ. ಅದು ಪ್ರಾಣ ತೆಗೆಯುವ ವಿಷ ಎಂಬ ನಂಬಿಕೆ ಹಲವು ದೇಶಗಳಲ್ಲಿದೆ, ಅದು ಸುಳ್ಳು. ಗಿಡದ ಹಾಲು ಮೈಗೆ ತಾಗಿದರೆ ತುರಿಕೆ, ಎಲೆ ಅಗಿದರೆ ಹೊಟ್ಟೆ ತೊಳಸು, ಅಷ್ಟೆ.

ಈಗ ವಿದ್ಯುತ್ತಿಗೆ ಬರೋಣ. ಕ್ರಿಸ್‌ಮಸ್ ಮರಕ್ಕೆ ವಿದ್ಯುದ್ದೀಪ ಕಟ್ಟಿದ ಮೊದಲಿಗ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್. 1882ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿಯ 80 ಬಲ್ಬುಗಳನ್ನು ಕೈಯಾರೆ ಜೋಡಿಸಿ ಮರವನ್ನು ಬೆಳಗಿದ. ಅದಕ್ಕೂ ಮೊದಲು ಮರಕ್ಕೆ ಸಿಕ್ಕಿಸುತ್ತಿದ್ದುದು ನಿಜವಾದ ಮೇಣದಬತ್ತಿಗಳನ್ನು. ಪಕ್ಕದಲ್ಲೊಂದು ಬಕೆಟ್ ನೀರು. ಜಾನ್ಸನ್ನನ ಬಲ್ಬಿನಿಂದ ಇಂದಿನ ಎಲ್‌ಇಡಿಯವರೆಗೆ ಬಂದ ದಾರಿ ದೊಡ್ಡದು. ಬಿಳಿ ಎಲ್‌ಇಡಿಗೆ ಬುನಾದಿಯಾದ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಈ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಬೆಂಕಿಯ ದೃಷ್ಟಿಯಿಂದ ಇದು ಬಹು ದೊಡ್ಡ ಲಾಭ. ತಂತಿ ಕಾಯಿಸಿ ಬೆಳಗುವ ಹಳೆಯ 60 ವಾಟ್ ಬಲ್ಬಿನಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಶಾಖವಾಗುತ್ತಿತ್ತು, ಗಾಜಿನ ಮೈ ನೂರು ಡಿಗ್ರಿ ದಾಟುತ್ತಿತ್ತು. ಕಾಗದದ ನಕ್ಷತ್ರದೊಳಗೆ ಈಗಲೂ ಅಂಥದ್ದನ್ನು ತೂಗುಹಾಕುವವರು ಇದ್ದರೆ ದಯವಿಟ್ಟು ಇಂದೇ ಬದಲಿಸಿ. ಐದು ವಾಟಿನ ಎಲ್‌ಇಡಿ ಬಲ್ಬು ಸಾಕು. ದೀಪಾವಳಿಗೆ ಕಟ್ಟಿದ ಆಕಾಶಕಂದೀಲನ್ನೇ ಡಿಸೆಂಬರಿಗೂ ಉಳಿಸಿಕೊಳ್ಳುವ ಮನೆಗಳು ಪುಣೆಯಲ್ಲಿವೆ. ಎರಡು ತಿಂಗಳು ಬಿಸಿಲು ತಿಂದ ಆ ಕಾಗದ, ಒಳಗಿನ ಹೋಲ್ಡರು ಎರಡನ್ನೂ ಒಮ್ಮೆ ನೋಡಿಕೊಳ್ಳಬೇಕು.

ಆದರೆ ಎಲ್‌ಇಡಿ ತಂಪಾಗಿದೆ ಎಂಬ ಕಾರಣಕ್ಕೇ ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಪುಣೆಯ ವಿದ್ಯುತ್ ಸಾಮಾನಿನ ದೊಡ್ಡ ಸಂತೆ. ಹಬ್ಬದ ದಿನಗಳಲ್ಲಿ ಅಲ್ಲಿ ಸೀರಿಯಲ್ ಸೆಟ್ಟುಗಳ ರಾಶಿ. ಅಗ್ಗದ ಒಂದು ಸೆಟ್ಟನ್ನು ತಂದು, ಪ್ಲಗ್ಗಿಗೆ ಹಾಕದೆ, ಅದರ ಕಂಟ್ರೋಲ್ ಡಬ್ಬಿಯನ್ನು ಬಿಚ್ಚಿ ನೋಡಿ. ಬೆರಳಗಲದ ಒಂದು ಹಲಗೆ. ಅದರ ಮೇಲೆ ಮೆಣಸಿನಕಾಳಿನಷ್ಟಿರುವ ನಾಲ್ಕು ಕಪ್ಪು ಡಯೋಡುಗಳು. ಅವು ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಒಂದು ಕಪ್ಪು ಅಂಟಿನ ಹನಿ. ಮಿನುಗುವ ಬಗೆಗಳನ್ನು ನಿರ್ಧರಿಸುವ ಚಿಪ್ಪು ಅದರಡಿ ಇದೆ. ಮೂರು ಕಾಲಿನ ಕೆಲವು ಪುಟ್ಟ ಸ್ವಿಚ್ಚುಗಳು. ಒಂದೆರಡು ರೆಸಿಸ್ಟರು. ಅಷ್ಟೇ! ಇಲ್ಲದ್ದು ಯಾವುದು ಗಮನಿಸಿ: ಟ್ರಾನ್ಸ್‌ಫಾರ್ಮರ್. ಎಂದರೆ 230 ವೋಲ್ಟ್ ಎಲ್ಲೂ ಇಳಿಯದೆ ನೇರ ಸರಕ್ಕೆ ಹೋಗುತ್ತಿದೆ. ಒಂದೊಂದು ಎಲ್‌ಇಡಿಗೆ ಬೇಕಾದ್ದು ಎರಡು–ಮೂರು ವೋಲ್ಟ್; ಹತ್ತಾರನ್ನು ಸಾಲಾಗಿ ಕಟ್ಟಿ, ಮಿಕ್ಕ ವೋಲ್ಟೇಜನ್ನು ರೆಸಿಸ್ಟರಿಗೆ ಬಿಟ್ಟಿದ್ದಾರೆ.

ಡಬ್ಬಿಯ ಮೇಲೆ 5 ವಾಟ್ ಎಂದಿರುತ್ತದೆ. ಐದು ವಾಟ್ ತಾನೆ, ಏನಾಗುತ್ತದೆ ಎನ್ನುತ್ತೇವೆ. ಇಲ್ಲೇ ನಾವು ಎಡವುವುದು. ವಾಟ್ ಹೇಳುವುದು ಸರ ಎಷ್ಟು ತಿನ್ನುತ್ತದೆ ಎಂಬುದನ್ನು. ತೊಗಲು ಸುಲಿದ ತಂತಿಗೆ ನಿಮ್ಮ ಬೆರಳು ತಾಗಿದಾಗ ಎಷ್ಟು ಕರೆಂಟು ಹರಿಯಬೇಕೆಂದು ನಿರ್ಧರಿಸುವುದು ನಿಮ್ಮ ಮೈ. ಒಣ ಚರ್ಮದ ಪ್ರತಿರೋಧ ಹತ್ತಾರು ಸಾವಿರ ಓಮ್ ಇರಬಹುದು. ಕೈ ಒದ್ದೆಯಾಗಿದ್ದರೆ ಅದು ಒಂದು ಸಾವಿರಕ್ಕೆ ಇಳಿಯಬಹುದು. 230 ವೋಲ್ಟನ್ನು 1,000ದಿಂದ ಭಾಗಿಸಿ: 230 ಮಿಲಿಆಂಪಿಯರ್. ಎದೆಯ ಮೂಲಕ ಹಾದರೆ ಹೃದಯದ ಬಡಿತ ತಪ್ಪಿಸಲು ಇದರ ಅರ್ಧವೂ ಬೇಡ. ಬಾಲ್ಕನಿಯಲ್ಲಿ ನಿಂತು, ಒಂದು ಕೈಯಲ್ಲಿ ಕಬ್ಬಿಣದ ಗ್ರಿಲ್ ಹಿಡಿದು, ಇನ್ನೊಂದರಲ್ಲಿ ಸರ ಸಿಕ್ಕಿಸುವವರನ್ನು ಕಂಡಾಗ ನನಗೆ ಈ ಭಾಗಾಕಾರವೇ ನೆನಪಾಗುತ್ತದೆ.

ಸ್ವಿಚ್ ಆರಿಸಿದ್ದೇನಲ್ಲ ಎನ್ನಬಹುದು. ನಮ್ಮ ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಹಳೆಯ ಮನೆಗಳಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿ ಇದ್ದುಬಿಡುವುದೂ ಉಂಟು. ಆಗ ದೀಪ ಆರಿದ್ದರೂ ಸರದಲ್ಲಿ ಕರೆಂಟು ನಿಂತೇ ಇರುತ್ತದೆ. ಸರ ಮುಟ್ಟುವ ಮುನ್ನ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ಮನೆಮನೆಯ ಚಾಳಿ, ಕೆಟ್ಟ ಬಲ್ಬನ್ನು ಕತ್ತರಿಸಿ ತೆಗೆದು ತಂತಿಯ ತುದಿಗಳನ್ನು ಹಲ್ಲಿನಿಂದ ಸುಲಿದು ಹುರಿ ಹಾಕುವುದು. 50 ಪುಟ್ಟ ಬಲ್ಬುಗಳ ಹಳೆಯ ಸರದಲ್ಲಿ ಒಂದೊಂದಕ್ಕೆ 4.6 ವೋಲ್ಟ್ ಬರುತ್ತದೆ. ವರ್ಷಕ್ಕಿಷ್ಟರಂತೆ ಹತ್ತನ್ನು ಕಿತ್ತರೆ ಉಳಿದ 40ಕ್ಕೆ ತಲಾ 5.75 ವೋಲ್ಟ್. ಒಂದೊಂದರ ಶಾಖ ಶೇ 40ರಷ್ಟು ಏರಿತು, ಆಯಸ್ಸು ಇನ್ನಷ್ಟು ಕುಗ್ಗಿತು, ಮತ್ತಷ್ಟು ಕೆಟ್ಟವು, ಮತ್ತೆ ಕತ್ತರಿ. ಜೊತೆಗೆ ಪ್ರತಿ ಹುರಿಯೂ ಒಂದು ಸಡಿಲ ಗಂಟು. ಸಡಿಲವಾದಲ್ಲಿ ಪ್ರತಿರೋಧ ಹೆಚ್ಚು, ಕಿಡಿ ಹೆಚ್ಚು.

ತಂತಿ ತೆಳ್ಳಗಿರುವುದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಿದರೆ ಬೆರಗಾಗುತ್ತದೆ. ಮನೆಯ ಲೈಟಿನ ವೈರಿಂಗಿನಲ್ಲಿ ತಾಮ್ರದ ಅಡ್ಡಕೊಯ್ತ ಸಾಧಾರಣವಾಗಿ 1.5 ಚದರ ಮಿಲಿಮೀಟರ್. ಸೀರಿಯಲ್ ಸೆಟ್ಟಿನ ತಂತಿ 0.1 ಎಂದಿಟ್ಟುಕೊಳ್ಳಿ. ಪ್ರತಿರೋಧ ಹದಿನೈದು ಪಟ್ಟು. ಅಷ್ಟೇ ಕರೆಂಟು ಹರಿದರೆ ಶಾಖವೂ ಹದಿನೈದು ಪಟ್ಟು. ಕೆಲವು ಅಗ್ಗದ ಸರಗಳಲ್ಲಿ ಅದು ತಾಮ್ರವೂ ಅಲ್ಲ, ತಾಮ್ರ ಲೇಪಿಸಿದ ಉಕ್ಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವನ್ನು ಸರಕ್ಕೆ ಹಿಡಿಯಿರಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣದ ಜಾತಿ, ಪ್ರತಿರೋಧ ಇನ್ನೂ ಹಲವು ಪಟ್ಟು. ಎಲ್ಲವೂ ಸರಿಯಿದ್ದಾಗ ಹರಿಯುವ 20 ಮಿಲಿಆಂಪಿಯರಿಗೆ ಈ ತಂತಿ ಸಾಕು. ಎಲ್ಲಾದರೂ ಶಾರ್ಟ್ ಆಗಿ ಎಂಟು–ಹತ್ತು ಆಂಪಿಯರ್ ಹರಿದರೆ ತಂತಿ ಕೆಂಪಗಾಗುವ ಹಾದಿ ಹಿಡಿಯುತ್ತದೆ.

ಕರೆಂಟು ಮಿತಿಮೀರಿದಾಗ ಬೀಳಬೇಕಾದ ಎಂಸಿಬಿ ಆಗ ಬೀಳುವುದಿಲ್ಲವೇ? ಬೀಳಬೇಕಿಲ್ಲ. 16 ಆಂಪಿಯರಿನ ಎಂಸಿಬಿಗೆ ಹತ್ತು ಆಂಪಿಯರ್ ಎಂದರೆ ಇಸ್ತ್ರಿ ಪೆಟ್ಟಿಗೆಯೋ ಗೀಸರೋ ನಡೆಯುತ್ತಿದೆ ಎಂದೇ ಅರ್ಥ. ಎಂಸಿಬಿ ಕಾಯುವುದು ಗೋಡೆಯೊಳಗಿನ ದಪ್ಪ ತಂತಿಯನ್ನು. ಪ್ಲಗ್ಗಿನಿಂದಾಚೆ ಇರುವ ತೆಳ್ಳಗಿನ ತಂತಿ ಅದರ ಲೆಕ್ಕದಲ್ಲೇ ಇಲ್ಲ. ಬ್ರಿಟನ್ನಿನ ಪ್ಲಗ್ಗುಗಳೊಳಗೆ ಫ್ಯೂಸ್ ಇರುತ್ತದೆ, ಅಮೆರಿಕದ ಕ್ರಿಸ್‌ಮಸ್ ಸರಗಳ ಪ್ಲಗ್ಗಿನಲ್ಲೂ ಪುಟ್ಟ ಫ್ಯೂಸ್ ಇರುತ್ತದೆ. ನಮ್ಮ ಸಾಮಾನ್ಯ ಪ್ಲಗ್ಗಿನಲ್ಲಿ ಇಲ್ಲ. ಕಡಿಮೆ ವೋಲ್ಟಿನ ಅಡಾಪ್ಟರ್ ಇರುವ ಅಥವಾ ಯುಎಸ್‌ಬಿಯಿಂದ ನಡೆಯುವ ಸರಗಳು ಈಗ ಧಾರಾಳ ಸಿಗುತ್ತವೆ. ಐದು ವೋಲ್ಟ್ ಒದ್ದೆ ಕೈಗೂ ಏನೂ ಮಾಡದು. ನೂರಿನ್ನೂರು ರೂಪಾಯಿ ಹೆಚ್ಚಾದರೂ ಹೊರಗೆ, ಮರಕ್ಕೆ, ಗೋದಲಿಗೆ ಅವೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮನುಷ್ಯನನ್ನು ಕಾಯುವ ಸಾಧನ ಬೇರೆಯಿದೆ, ಅದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ಮರಳಿತೇ ಎಂದು ಅದು ಸದಾ ತೂಗುತ್ತಿರುತ್ತದೆ. ಒಂದು ಪಾಲು ನಿಮ್ಮ ಮೈಯಿಂದ ನೆಲಕ್ಕೆ ಸೋರಿತೆಂದರೆ ತೂಕ ತಪ್ಪುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣೆವೆ ಇಕ್ಕುವಷ್ಟರಲ್ಲಿ ಮನೆಯ ಕರೆಂಟೇ ಹೋಗುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದಕ್ಕೂ ತಿಳಿಯದು. ಅದರ ಪಾಲಿಗೆ ಆಗ ನೀವೂ ಒಂದು ಬಲ್ಬು.

ತೆಳ್ಳಗಿನವುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಸದ್ದಿಲ್ಲದ್ದು ಬಟನ್ ಬ್ಯಾಟರಿ. ಹಾಡುವ ಶುಭಾಶಯ ಪತ್ರ, ಮಿನುಗುವ ಸಾಂಟಾ ಟೊಪ್ಪಿ, ಸುಳ್ಳು ಮೇಣದಬತ್ತಿ ಎಲ್ಲದರಲ್ಲೂ ಇದೆ. ಹೊಳೆಯುವ ಈ ಬಿಲ್ಲೆಯನ್ನು ಮಗು ನುಂಗಿದರೆ, ಎರಡು ಸೆಂಟಿಮೀಟರ್ ಅಗಲದ್ದು ಅನ್ನನಾಳದಲ್ಲೇ ಸಿಕ್ಕಿಕೊಳ್ಳಬಹುದು. ಲಿಥಿಯಂ ಬಿಲ್ಲೆಯ ಮೂರು ವೋಲ್ಟ್ ನೀರನ್ನು ಒಡೆಯಲು ಬೇಕಾದ್ದಕ್ಕಿಂತ ಹೆಚ್ಚು. ಋಣಧ್ರುವದ ಕಡೆ ಸುತ್ತಲಿನ ತೇವದಿಂದಲೇ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಅಂಗಾಂಶವನ್ನು ಸುಡುತ್ತದೆ. ಬ್ಯಾಟರಿ ಒಡೆದು ಸೋರಬೇಕೆಂದೇನೂ ಇಲ್ಲ, ಆಟಿಕೆಗೆ ಮುಗಿದುಹೋದ ಬ್ಯಾಟರಿಗೂ ಈ ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ ನೇರ ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಬೇಕು. ಕೊಳ್ಳುವಾಗ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಿ.

ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕುಸ್ವಾರಿನ ನೆವ್ರಿ, ಕಿಡಿಯೊ, ರೋಸ್ ಕುಕ್ಕಿ ಎಲ್ಲ ಕರಿಯುವ ಬಾಬತ್ತು. 180 ಡಿಗ್ರಿಯಲ್ಲಿ ಕರಿಯಬೇಕಾದ ಎಣ್ಣೆ ನೀಲಿ ಹೊಗೆ ಬಿಡತೊಡಗಿದರೆ 230ರ ಹತ್ತಿರ ಬಂದಿದೆ ಎಂದರ್ಥ. 350 ದಾಟಿದರೆ ಕಡ್ಡಿ ಗೀರದೆಯೂ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಬಾಣಲೆಗೆ ನೀರು ಸುರಿಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಒಮ್ಮೆಲೇ 1,700 ಪಟ್ಟು ಹಿಗ್ಗಿ ಆವಿಯಾಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿಗೆ ಎರಚುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ಆರುವವರೆಗೆ ತೆಗೆಯದಿರಿ. ಪುಣೆಯ ಹಲವು ಕಟ್ಟಡಗಳಿಗೆ ಈಗ ಪೈಪಿನಲ್ಲಿ ಗ್ಯಾಸ್ ಬರುತ್ತದೆ. ಅದು ಮೀಥೇನ್, ಗಾಳಿಗಿಂತ ಹಗುರ, ಸೋರಿದರೆ ಸೂರಿನ ಕಡೆಗೆ ಏರುತ್ತದೆ. ಸಿಲಿಂಡರಿನದು ಭಾರ, ನೆಲದ ಮೇಲೆ ಹರಡುತ್ತದೆ. ಊರಿನಿಂದ ಬಂದ ಅತ್ತೆ ಸಿಲಿಂಡರಿನ ಅಭ್ಯಾಸದಂತೆ ಬಾಗಿಲು ತೆರೆದರೆ ಸಾಲದು, ಮೇಲಿನ ಕಿಟಕಿಯನ್ನೂ ತೆರೆಯಬೇಕು.

ಇಷ್ಟಾಗಿಯೂ ಬೆಂಕಿ ಬಿದ್ದರೆ ಕೊಲ್ಲುವುದು ಹೆಚ್ಚಾಗಿ ಜ್ವಾಲೆಯಲ್ಲ, ಹೊಗೆ. 2017ರ ಡಿಸೆಂಬರ್ 29ರಂದು ನಡುರಾತ್ರಿ ಕಳೆದ ಮೇಲೆ ಮುಂಬೈಯ ಕಮಲಾ ಮಿಲ್ಸ್ ಆವರಣದ ಮಹಡಿ ಮೇಲಿನ ರೆಸ್ಟೋರೆಂಟುಗಳಲ್ಲಿ ಬೆಂಕಿ ಹೊತ್ತಿದಾಗ 14 ಮಂದಿ ಸತ್ತರು. ಚಪ್ಪರದ ಬಿದಿರು, ಬಟ್ಟೆ, ಪ್ಲಾಸ್ಟಿಕ್ ಹಾಳೆಗಳು ನಿಮಿಷಗಳಲ್ಲಿ ಉರಿದುಹೋದವು. ಸತ್ತವರಲ್ಲಿ ಹಲವರು ಶೌಚಾಲಯದಲ್ಲಿ ಆಶ್ರಯ ಪಡೆದು ಉಸಿರುಕಟ್ಟಿದವರು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ ಒಂಬತ್ತು ಜನರ ಸಾವಿಗೆ ಮುಖ್ಯ ಕಾರಣವಾದದ್ದೂ ಹೊಗೆಯೇ. ಆದ್ದರಿಂದ ಹಬ್ಬದ ಮರವನ್ನು, ನೆಂಟರ ಪೆಟ್ಟಿಗೆಗಳನ್ನು ಬಾಗಿಲ ಬಳಿ ಇಡಬೇಡಿ. ಮಲಗುವ ಮುನ್ನ, ನಡುರಾತ್ರಿಯ ಪೂಜೆಗೆ ಹೊರಡುವ ಮುನ್ನ ಸರಗಳನ್ನು ಕಿತ್ತಿಡಿ, ಬತ್ತಿ ಆರಿಸಿ. ಹೊಗೆ ತುಂಬಿದರೆ ಬಗ್ಗಿ ನಡೆಯಿರಿ, ಬಾಗಿಲೆಳೆದುಕೊಂಡು ಹೊರಬನ್ನಿ, ಲಿಫ್ಟ್ ಬೇಡ, 101ಕ್ಕೋ 112ಕ್ಕೋ ಕರೆ ಮಾಡುವುದು ಹೊರಬಂದ ಮೇಲೆ.

ನಕ್ಷತ್ರ ಕಟ್ಟಲು ಏಣಿ ಹತ್ತುವ ಮೊದಲು ಒಂದು ಕೆಲಸ ಮಾಡಿ. ಮನೆಯ ಡಿಬಿ ಬಾಕ್ಸಿನ ಮುಚ್ಚಳ ತೆರೆಯಿರಿ. ಎಂಸಿಬಿಗಳ ಸಾಲಿನಲ್ಲಿ ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಸಣ್ಣ ಗುಂಡಿಯಿರುವ, ಮೇಲೆ 30 ಮಿಲಿಆಂಪಿಯರ್ ಎಂದು ನಮೂದಿಸಿದ ಸಾಧನ, ಅಂದರೆ ಆರ್‌ಸಿಸಿಬಿ, ಇದೆಯೇ ನೋಡಿ. ಇದ್ದರೆ ಗುಂಡಿ ಒತ್ತಿ. ಠಕ್ಕೆಂದು ಬಿದ್ದು ಕರೆಂಟು ಹೋಗಬೇಕು. ಬೀಳದಿದ್ದರೆ, ಅಥವಾ ಅಂಥ ಸಾಧನವೇ ಇಲ್ಲದಿದ್ದರೆ, ಕೇಕಿನ ಆರ್ಡರ್ ಆಮೇಲೆ ಕೊಡಬಹುದು, ಎಲೆಕ್ಟ್ರಿಷಿಯನ್ನನಿಗೆ ಮೊದಲು ಫೋನ್ ಮಾಡಿ.